ಮೂವತ್ತೈದು ದಿನ ಹಿಂದಿನ ಮಂಗಳವಾರ

“ಇವತ್ತು ಚಪ್ಪಲಿ ರಾಶಿ ಇಲ್ಲ,” ಎಂದರು ಇನ್ಸ್‌ಪೆಕ್ಟರ್ ತಿಯುರ್, ಬಾಗಿಲಲ್ಲಿ ಬಗ್ಗಿ ಬೂಟಿನ ಲೇಸು ಬಿಚ್ಚುತ್ತ. “ಏಳು ದಿನ ನಿಮ್ಮ ಮನೆ ಮುಂದೆ ಕಾಲಿಡೋಕೆ ಜಾಗ ಇರ್ಲಿಲ್ಲ. ಅದಕ್ಕೇ ನಾನು ಬರ್ಲಿಲ್ಲ.”

“ನಿನ್ನೆ ಮುಗೀತು,” ಎಂದಳು ವೆನಿಂಗ್.

ಏಳನೆಯ ದಿನದ ಪ್ರಾರ್ಥನೆ ಮುಗಿಸಿ ಬೀದಿಯವರು ಚಾಪೆ ಸುತ್ತಿಕೊಂಡು, ಲೋಟ ತೊಳೆದಿಟ್ಟು ಹೋಗಿದ್ದರು. ಬೆಳಗ್ಗೆ ಎದ್ದರೆ ಸೋಮವಾರ. ಸೋಮವಾರ ಎಂದರೆ ಶಾಲೆಯ ಟೀಚರುಗಳಿಗೆ ಖಾಕಿ ಸಮವಸ್ತ್ರ. ರಜೆ ಇನ್ನೂ ಮೂರು ದಿನ ಇತ್ತು. ಆದರೂ ಕೈ ಅದನ್ನು ಇಸ್ತ್ರಿ ಮಾಡಿತ್ತು, ಮೈ ಅದನ್ನು ತೊಟ್ಟಿತ್ತು. ಆರು ಗಂಟೆಯಿಂದ ಅವಳು ಮುಂಬಾಗಿಲ ಕುರ್ಚಿಯ ಮೇಲೆ ಹಾಗೆಯೇ ಕೂತಿದ್ದಳು.

ಶಾಲೆಯಲ್ಲಿ ಹಾಲಿನ ಸಂಘದ ಹಾಲು ಕುಡಿದು ನಲವತ್ತೊಂದು ಮಕ್ಕಳು ಕಾಯಿಲೆ ಬಿದ್ದು ಎರಡು ವಾರವಾಗಿತ್ತು. ನಲವತ್ತು ಮಕ್ಕಳು ಮನೆಗೆ ಮರಳಿದ್ದರು, ಮೂರನೇ ತರಗತಿಯ ಲಾರಸ್ ಇನ್ನೂ ಆಸ್ಪತ್ರೆಯಲ್ಲಿದ್ದಳು, ಸಂಘದ ಯಂತ್ರದಲ್ಲಿ ಹಾಲು ಕಾಯಿಸುವ ಸಾದಿಮನ್ ಲಾಕಪ್ಪಿನಲ್ಲಿದ್ದ, ಆ ಯಂತ್ರದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಅವಳ ಗಂಡ ಅರ್ಗೋ ಮಣ್ಣಿನಲ್ಲಿದ್ದ.

“ಮಧ್ಯಾಹ್ನ ಎರಡಕ್ಕೆ ಸಾದಿಮನ್ ಫೈಲು ಪ್ರಾಸಿಕ್ಯೂಟರ್ ಕೈಗೆ ಹೋಗುತ್ತೆ,” ಎಂದರು ತಿಯುರ್. “ಒಂದ್ಸಲ ಹೋದ್ರೆ ಆತ ಈ ಬೆಟ್ಟ ಮತ್ತೆ ಹತ್ತೋದು ಯಾವಾಗ್ಲೋ. ಅದಕ್ಕೆ ಮುಂಚೆ ನಿಮ್ಮ ಯಜಮಾನರ ಕಂಪ್ಯೂಟರ್ ನೋಡ್ಬೇಕು.”

ಅವರು ದೂರದ ಮೇದಾನ್ ಪಟ್ಟಣದ ಕಡೆಯ ಹೆಂಗಸು; ಊರಿನವರು ಗೌರವದಿಂದ ‘ಬು’, ಅಮ್ಮ, ಎನ್ನುತ್ತಿದ್ದರು. ಇಲ್ಲಿಯವರು ಪಿಸುಗುಟ್ಟಿ ಹೇಳುವುದನ್ನು ಅವರು ಗದ್ದೆಯ ಆಚೆ ಬದುವಿನಲ್ಲಿ ನಿಂತವನಿಗೆ ಕೇಳಿಸುವಂತೆ ಹೇಳುತ್ತಿದ್ದರು. ಪಕ್ಕದ ಮನೆಯ ಕಿಟಕಿ ಮೆಲ್ಲಗೆ ತೆರೆಯಿತು.

“ಒಳಗೆ ಬನ್ನಿ,” ಎಂದಳು ವೆನಿಂಗ್.

ಅರ್ಗೋನ ಕೋಣೆಯನ್ನು ಅವಳು ಏಳು ದಿನದಲ್ಲಿ ಸರಿಯಾಗಿ ನೋಡಿರಲಿಲ್ಲ. ಈಗ ನೋಡಿ ಬಾಗಿಲಲ್ಲೇ ನಿಂತಳು. ನೆಲದ ತುಂಬ ಹರಡಿರುತ್ತಿದ್ದ ವೈರುಗಳು ಸುರುಳಿಯಾಗಿ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಕೂತಿದ್ದವು. ಸ್ಕ್ರೂಗಳು ಗಾತ್ರಕ್ಕೆ ತಕ್ಕಂತೆ ಬಾಟಲಿ ಸೇರಿದ್ದವು. ಕಪಾಟಿನ ಪುಸ್ತಕಗಳೆಲ್ಲ ನೆಟ್ಟಗೆ ನಿಂತಿದ್ದವು.

“ಅಚ್ಚುಕಟ್ಟಾದ ಮನುಷ್ಯ,” ಎಂದರು ತಿಯುರ್.

“ಅಲ್ಲ. ಇದು ಬು ಹಾಪ್ಸಾರಿ ಮಾಡಿದ್ದು. ಏಳು ದಿನಾನೂ ಅಡುಗೆ ಅವರೇ ನೋಡ್ಕೊಂಡ್ರು. ಬಿಡುವಾದಾಗ ಇಲ್ಲಿ...”

“ಸಂಘದ ಅಧ್ಯಕ್ಷರಿಗೆ ಸ್ಕ್ರೂ ಆರಿಸೋ ಹವ್ಯಾಸಾನೂ ಇದೆಯಾ?”

“ಒಳ್ಳೆಯವರು ಬು. ನಮ್ಮ ಯಜಮಾನರು ಹೋದ ದಿನ ಬು ಹಾಪ್ಸಾರಿ ಮಗಳ ಮನೇಲಿ, ಸೋಲೋ ಪಟ್ಟಣದಲ್ಲಿದ್ರು. ಸುದ್ದಿ ಕೇಳಿ ಓಡಿ ಬಂದ್ರು. ಬಂದವರಿಗೆಲ್ಲ ಅದನ್ನೇ ಹೇಳಿ ಅಳೋರು.” ವೆನಿಂಗ್ ಕುರ್ಚಿ ಎಳೆದಳು. “‘ಈ ಹಳೇ ಕಂಪ್ಯೂಟರ್ ಕಣ್ಣೆದುರು ಯಾಕೆ ಮಗಳೇ, ನಾನು ಒಯ್ತೀನಿ’ ಅಂದ್ರು. ಏಳು ದಿನ ಕಳೀಲಿ ಅಂದೆ.”

ತಿಯುರ್ ಅದನ್ನು ಬರೆದುಕೊಂಡರು. ಏಕೆ ಬರೆದುಕೊಂಡರೆಂದು ವೆನಿಂಗ್‌ಗೆ ತಿಳಿಯಲಿಲ್ಲ.

ಪಾಸ್‌ವರ್ಡ್ ಅವಳಿಗೆ ಗೊತ್ತಿತ್ತು. ಮದುವೆಯ ದಿನ.

“ಶನಿವಾರ ಪಾಹಿಂಗ್,” ಎಂದು ಓದಿದರು ತಿಯುರ್. “ತಾರೀಖು ಬೇಡ್ವಾ?”

“ನಮಗೆ ವಾರ, ಸಂತೆವಾರ ಎರಡಿದ್ರೆ ಸಾಕು. ಏಳು ದಿನದ ವಾರ, ಪಾಹಿಂಗ್, ವಾಗೆ ಥರ ಐದು ದಿನದ ಸಂತೆವಾರ. ತಾರೀಖು ಆಫೀಸಿನವರಿಗೆ.”

ಪರದೆಯ ಮೇಲೆ ಬಣ್ಣಬಣ್ಣದ ಕಿಟಕಿ ತೆರೆಯಿತು. ಅದರ ನಡುವೆ ಬೂದು ಬಣ್ಣದ ಒಂದು ಚೌಕ. ಚೌಕದೊಳಗೆ ಹಳೆಯ ದಪ್ಪ ಅಕ್ಷರಗಳು.

“ಇದೇನಿದು? ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್?”

“ಹಾಲಿನ ಯಂತ್ರದ ತಂತ್ರಾಂಶ ಇಪ್ಪತ್ತೆರಡು ವರ್ಷದ ಹಿಂದಿಂದು ಬು. ಮಾಡಿದ ಕಂಪನಿ ಮುಚ್ಚಿದೆ. ಹೋದ ವರ್ಷ ಸಂಘದೋರು ಆಪರೇಟಿಂಗ್ ಸಿಸ್ಟಂ ಬದಲಾಯಿಸಿದ್ರು. ಹೊಸದರಲ್ಲಿ ಇದು ಏಳ್ಲೇ ಇಲ್ಲ. ಆಗ ಇವರು ಹೊಸದರ ಹೊಟ್ಟೆಯೊಳಗೆ ಹಳೇ ಕಂಪ್ಯೂಟರ್ ಥರ ನಟಿಸೋ ಒಂದು ಡಬ್ಬ ಮಾಡಿ ಇದನ್ನ ಅದರಲ್ಲಿ ಕೂರಿಸಿದ್ರು. ಅದಕ್ಕೆ ತಾನಿನ್ನೂ ಹಳೇ ಮನೇಲೇ ಇದೀನಿ ಅನ್ಸುತ್ತೆ. ಕೆಲಸ ಮಾಡುತ್ತೆ. ಪ್ರತಿ ಶನಿವಾರ ಅದರ ನಕಲು ಇಲ್ಲಿಗೆ ತರೋರು.”

“ನಮ್ಮ ಮಾವನೂ ಹಂಗೇ. ಪಟ್ಟಣದ ಫ್ಲಾಟಿಗೆ ತಂದು ಕೂರಿಸಿ ಆರು ವರ್ಷ ಆಯ್ತು, ಇನ್ನೂ ಬೆಳಗ್ಗೆ ಎದ್ದು ಹಂದಿಗೂಡು ಹುಡುಕ್ತಾರೆ.” ತಿಯುರ್ ನಗಲಿಲ್ಲ. “ಅಕ್ಟೋಬರ್ ಹದಿನಾಲ್ಕು ಹುಡುಕಿ. ಮಕ್ಕಳು ಕುಡಿದದ್ದು ಆ ಮಂಗಳವಾರದ ಹಾಲು.”

ವೆನಿಂಗ್ ಟೈಪ್ ಮಾಡಿದಳು. ಬೂದು ಚೌಕ ಕೊಂಚ ಯೋಚಿಸಿ ಹೇಳಿತು: ದಾಖಲೆ ಇಲ್ಲ.

“ಸಂಘದ ಕಂಪ್ಯೂಟರೂ ಇದನ್ನೇ ಹೇಳ್ತು,” ಎಂದರು ತಿಯುರ್. “ಅಕ್ಟೋಬರ್ ಒಂದರಿಂದ ಒಂದು ದಿನದ್ದೂ ಇಲ್ಲ. ಸಾದಿಮನ್ ಯಂತ್ರ ಹಚ್ಚದೆ ಹಸಿ ಹಾಲು ತುಂಬ್ದ ಅಂತ ಕೇಸು. ನಿಮ್ಮ ಯಜಮಾನರ ಹೇಳಿಕೆ ಅದಕ್ಕೆ ಗಟ್ಟಿ ಸಾಕ್ಷಿ.”

ಅವರು ಚೀಲದಿಂದ ಒಂದು ಹಾಳೆ ತೆಗೆದು ಓದಿದರು. “‘ತಂತ್ರಾಂಶ ಸರಿಯಾಗಿದೆ. ದಾಖಲೆ ಇಲ್ಲವೆಂದರೆ ಯಂತ್ರವನ್ನು ನಡೆಸಿಲ್ಲವೆಂದೇ ಅರ್ಥ. ಸಾದಿಮನ್ ಹೇಳುವಂತೆ ನಾನು ಅವರಿಂದ ಯಾವ ಕ್ಯಾಲೆಂಡರನ್ನೂ ಪಡೆದಿಲ್ಲ.’ ಇದು ಅವರ ಸಹೀನಾ?”

ಅವನದೇ. ಕೊನೆಯ ಅಕ್ಷರದ ಬಾಲವನ್ನು ಅವನು ಯಾವಾಗಲೂ ಹಿಂದಕ್ಕೆ ಎಳೆಯುತ್ತಿದ್ದ. ಶನಿವಾರ ಹಾಕಿದ ಸಹಿ. ಸೋಮವಾರ ಬೆಳಗ್ಗೆ ಇಳಿಜಾರಿನ ತಿರುವಿನಲ್ಲಿ ಅವನ ಬೈಕು ಕಂದಕಕ್ಕೆ ಬಿದ್ದಿತ್ತು.

“ಯಾವ ಕ್ಯಾಲೆಂಡರು?” ಎಂದಳು.

“ಸಾದಿಮನ್ ದಿನಾ ಹಾಲಿನ ಬಿಸಿ ಎಷ್ಟು ಅಂತ ಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಪೆನ್ಸಿಲಿಂದ ಬರೀತಿದ್ನಂತೆ. ‘ಎಲ್ಲ ಅದರಲ್ಲಿದೆ, ನೋಡಿ’ ಅಂದ. ನಮ್ಮವರು ಹೋಗಿ ನೋಡಿದ್ರು. ಬರೀ ಮೊಳೆ ಇತ್ತು.”

“ನಾನು ನೋಡಿಲ್ಲ ಬು.”

ಅದು ನಿಜವಾಗಿತ್ತು. ಮುಂದಿನ ಪ್ರಶ್ನೆಗೆ ಅವಳು ಕೊಡಲಿದ್ದ ಉತ್ತರ ಹಾಗಿರಲಿಲ್ಲ.

ತಿಯುರ್ ಒಂದು ಪ್ಲಾಸ್ಟಿಕ್ ಲಕೋಟೆಯನ್ನು ಮೇಜಿನ ಮೇಲಿಟ್ಟರು. ಒಳಗೆ ಬೆರಳುದ್ದದ ಚೀಟಿ. ಹಾಲು ಹಾಕಿದವರಿಗೆ ಯಂತ್ರ ಕೊಡುವ ಚೀಟಿ.

“ಸಾದಿಮನ್ ಹೆಂಡತಿ ತಂದುಕೊಟ್ಟಿದ್ದು. ಆ ಮಂಗಳವಾರ ನಾನೇ ಹಾಲು ಹಾಕ್ದೆ, ಯಂತ್ರ ನಡೀತಿತ್ತು, ಇಗೋ ಚೀಟಿ ಅಂತ ಠಾಣೇಲಿ ಕೂಗಾಡಿದ್ಳು. ನೋಡಿದ್ರೆ ಸೆಪ್ಟೆಂಬರ್ ಒಂಬತ್ತರ ಚೀಟಿ. ನಮ್ಮವರೆಲ್ಲ ನಕ್ಕು ಕಳಿಸಿದ್ರು. ನನಗೆ ಮಾತ್ರ ನಗು ಬರ್ಲಿಲ್ಲ. ಸುಳ್ಳು ಹೇಳೋಕೆ ಬಂದವಳು ಅಷ್ಟು ಕಣ್ಣಿಗೆ ಕಾಣೋ ಸುಳ್ಳು ತರಲ್ಲ.”

ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಮಂಗಳವಾರ ವಾಗೆ ಎಂದಿತ್ತು. ಕೆಳಗೆ ಇರುವೆ ಗಾತ್ರದಲ್ಲಿ ತಾರೀಖು.

ವೆನಿಂಗ್ ಚೀಟಿಯಿಂದ ಕಣ್ಣು ತೆಗೆದು ಬೂದು ಚೌಕದ ತಳಕ್ಕೆ ನೋಡಿದಳು. ಅಲ್ಲಿ ಸಣ್ಣದಾಗಿ ಬರೆದಿತ್ತು: ಪರವಾನಗಿ ಸೆಪ್ಟೆಂಬರ್ 30ರವರೆಗೆ.

ಸೆಪ್ಟೆಂಬರ್ ಒಂಬತ್ತು. ಅಕ್ಟೋಬರ್ ಹದಿನಾಲ್ಕು. ನಡುವೆ ಎಷ್ಟು ದಿನ ಎಂದು ಅವಳು ಎಣಿಸಬೇಕಾಗಿರಲಿಲ್ಲ.

ಸೆಪ್ಟೆಂಬರ್ ಕೊನೆಯ ಒಂದು ಸಂಜೆ. ಅರ್ಗೋ ಬೇಯಿಸಿದ ಮರಗೆಣಸಿನ ನಾರು ತೆಗೆಯುತ್ತ ಕೂತಿದ್ದ. “ಬು ಗುರು, ವಾರಾನೂ ಸಂತೆವಾರಾನೂ ಎರಡೂ ಒಟ್ಟಿಗೆ ತಿರುಗಿ ಬರೋಕೆ ಎಷ್ಟು ದಿನ ಬೇಕು?” ಎಂದಿದ್ದ, ಶಾಲೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆ. “ಏಳೈದ್ಲೆ ಮೂವತ್ತೈದು. ಮಗೂಗೆ ಮೂವತ್ತೈದನೇ ದಿನದ ಶಾಸ್ತ್ರ ಮಾಡೋ ಬಾಣಂತಿಗೂ ಗೊತ್ತಿರೋ ಲೆಕ್ಕ ಇದು, ಎಂಥ ಎಂಜಿನಿಯರ್ರಪ್ಪ ನೀನು!” ಎಂದು ನಕ್ಕಿದ್ದಳು. ಅವನೂ ನಕ್ಕು ಅವಳ ಬಾಯಿಗೆ ಗೆಣಸಿನ ತುಂಡು ಇಟ್ಟಿದ್ದ.

ಮುಖಕ್ಕೆ ಬಿಸಿ ಏರಿತು. ಏಳು ದಿನ ಏನೂ ಅನ್ನಿಸದಿದ್ದ ಮೈಗೆ ಮೊದಲು ಮರಳಿ ಬಂದದ್ದು ನಾಚಿಕೆ.

“ಈ ಚೀಟಿ ನೋಡಿದ್ರೆ ನಿಮಗೇನಾದ್ರೂ ತೋಚುತ್ತಾ?”

“ಇಲ್ಲ ಬು.”

“ಏನೂ?”

“ಗೊತ್ತಿಲ್ಲ.”

ತಿಯುರ್ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ಅವರ ದನಿ ಮೊದಲ ಬಾರಿಗೆ ಇಳಿಯಿತು. “ನೋಡಿ ಬು ಗುರು. ನಾನು ಈ ಊರಿಗೆ ಬಂದು ನಾಲ್ಕು ವರ್ಷ. ನಿಮ್ಮ ಜನ ಸುಳ್ಳು ಹೇಳೋವಾಗ ನಗ್ತಾರೆ, ಟೀ ಕೊಡ್ತಾರೆ, ಮಳೆ ವಿಷಯ ತೆಗೀತಾರೆ. ನೀವು ಅದ್ಯಾವ್ದೂ ಮಾಡ್ಲಿಲ್ಲ. ಕಿವಿ ಕೆಂಪಾಯ್ತು ಅಷ್ಟೇ. ನಿಮ್ಗೆ ಸುಳ್ಳು ಹೇಳೋಕೆ ಬರಲ್ಲ.”

ವೆನಿಂಗ್ ಚೀಟಿಯ ಲಕೋಟೆಯನ್ನು ಮೇಜಿನ ಅಂಚಿಗೆ ಸರಿಸಿದಳು.

“ಸತ್ತವರ ಹೆಸರು ಕೆಡ್ಬಾರ್ದು, ಒಪ್ತೀನಿ. ಆದ್ರೆ ಲಾಕಪ್ಪಲ್ಲಿರೋನಿಗೂ ಒಂದು ಹೆಸರಿದೆ. ನಿನ್ನೆ ಅವನು, ನಿಮ್ಮ ಯಜಮಾನರನ್ನ ಅಣ್ಣ ಅನ್ನೋ ಥರ ‘ಮಾಸ್’ ಅಂತಲೇ ಕರೆದು, ನನ್ನ ಕೇಳಿದ್ದೇನು ಗೊತ್ತಾ? ‘ಮಾಸ್ ಅರ್ಗೋ ಮನೇಲಿ ಏಳನೇ ದಿನದ್ದು ಚೆನ್ನಾಗಿ ನಡೀತಾ ಬು? ನನಗೆ ಹೋಗೋಕಾಗ್ಲಿಲ್ಲ’ ಅಂತ.”

ಪಕ್ಕದ ಮನೆಯ ಕಿಟಕಿಯಿಂದ ಎಣ್ಣೆಯಲ್ಲಿ ಏನೋ ಕರಿಯುವ ಸದ್ದು ಬರುತ್ತಿತ್ತು. ವೆನಿಂಗ್ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು ಟೈಪ್ ಮಾಡಿದಳು: ಸೆಪ್ಟೆಂಬರ್ 9.

ಒಂದಲ್ಲ, ಎರಡು ದಾಖಲೆ ಬಂದವು. ಒಂದೇ ತಾರೀಖು, ಒಂದೇ ಮಂಗಳವಾರ ವಾಗೆ, ಎರಡು ಬೇರೆ ಬೇರೆ ಬೆಳಗು.

“ಮೊದಲನೇದು ನಿಜವಾದ ಸೆಪ್ಟೆಂಬರ್ ಒಂಬತ್ತು,” ಎಂದಳು. ದನಿ ತರಗತಿಯಲ್ಲಿ ಲೆಕ್ಕ ಬಿಡಿಸುವಾಗಿನಂತೆ ಸಪಾಟಾಗಿತ್ತು. “ಎರಡನೇದು ಅಕ್ಟೋಬರ್ ಹದಿನಾಲ್ಕು. ಪರವಾನಗಿ ಸೆಪ್ಟೆಂಬರ್ ಕೊನೆಗೆ ಮುಗೀತಿತ್ತು. ಕೊಟ್ಟ ಕಂಪನೀನೇ ಇಲ್ಲ, ಹೊಸದು ಕೊಡೋರು ಯಾರು? ಅದಕ್ಕೆ ಡಬ್ಬದ ಒಳಗಿನ ಗಡಿಯಾರಾನ ಹಿಂದಕ್ಕೆ ತಿರುಗಿಸಿದಾರೆ. ಸುಮ್ನೆ ಹಿಂದಕ್ಕಲ್ಲ. ಮೂವತ್ತೈದು ದಿನ. ಆಗ ಚೀಟೀಲಿ ವಾರಾನೂ ಸರಿ ಬರುತ್ತೆ, ಸಂತೆವಾರಾನೂ ಸರಿ ಬರುತ್ತೆ.”

“ಇನ್ನೂರು ಜನ ಹಾಲು ಹಾಕ್ತಾರೆ. ತಾರೀಖು ತಪ್ಪಿದೆ ಅಂತ ಒಬ್ಬರೂ ನೋಡ್ಲಿಲ್ವಾ?”

“ಸಂತೆವಾರ ತಪ್ಪಿದ್ರೆ ಮೊದಲನೇ ದಿನಾನೇ ಗಲಾಟೆ ಆಗೋದು ಬು. ತಾರೀಖು... ನಾನೂ ನೋಡ್ತಿರ್ಲಿಲ್ಲ.” ಅವಳು ತಡೆದಳು. “ಮೂವತ್ತೈದು ಅಂತ ಹೇಳಿಕೊಟ್ಟೋಳು ನಾನೇ.”

ತಿಯುರ್ ಅದನ್ನು ಬರೆದುಕೊಳ್ಳಲಿಲ್ಲ. ಎದ್ದು ಬಂದು ಪರದೆಗೆ ಬಗ್ಗಿದರು. “ಎರಡನೇದು ಓದಿ.”

ಐದೂ ಮುಕ್ಕಾಲಿಗೆ ಯಂತ್ರ ಶುರುವಾಗಿತ್ತು. ಹಾಲಿನ ಬಿಸಿ ಎಪ್ಪತ್ತಮೂರು ಡಿಗ್ರಿ. ಆರು ಹತ್ತಕ್ಕೆ ಒಂದು ಸಾಲು: ಮರುಚಾಲನೆ, ಬಳಕೆದಾರ ಅರ್ಗೋ. ಆಮೇಲೆ ಬಿಸಿ ಇಳಿಯುತ್ತ ಹೋಗಿತ್ತು. ಅರವತ್ತಾರು. ಅರವತ್ತೊಂದು. ಐವತ್ತೆಂಟು. ಹನ್ನೊಂದು ನಿಮಿಷದ ನಂತರ ಮತ್ತೆ ಎಪ್ಪತ್ತಮೂರು.

ಆ ಬೆಳಗು ಅವಳಿಗೆ ನೆನಪಿತ್ತು. ಇನ್ನೂ ಆರಾಗಿರಲಿಲ್ಲ, ಫೋನು ಬಂತು. ‘ಹೊಸ ಸಿಸ್ಟಂ ತನ್ನಷ್ಟಕ್ಕೆ ಅಪ್‌ಡೇಟ್ ಆಗಿದೆ, ಹೊರಗಿನ ಗಡಿಯಾರ ಒಳಕ್ಕೂ ನುಗ್ಗಿದೆ, ಈಗ ಹೋಗ್ದಿದ್ರೆ ಇವತ್ತಿನ ಹಾಲೆಲ್ಲ ಹೋಯ್ತು’ ಎನ್ನುತ್ತ ಅರ್ಧ ಲೋಟ ಟೀ ಬಿಟ್ಟು ಬೈಕು ಹತ್ತಿದ್ದ. ಅವಳು ಉಳಿದ ಅರ್ಧ ಕುಡಿದಿದ್ದಳು.

“ಯಂತ್ರದಲ್ಲಿ ಹಾಲು ಹರೀತಿದ್ದಾಗ್ಲೇ ನಿಲ್ಲಿಸಿ, ಗಡಿಯಾರ ತಿರುಗಿಸಿ, ಮತ್ತೆ ಹಚ್ಚಿದಾರೆ,” ಎಂದಳು. “ಹನ್ನೊಂದು ನಿಮಿಷ ಹಾಲು ಕಾದಿಲ್ಲ. ಸಾದಿಮನ್ ಅಲ್ಲ ಬು. ಇವರು.”

“ಬರ್ದು ಕೊಡ್ತೀರಾ?”

ಬರೆದುಕೊಟ್ಟಳು. ‘ನನ್ನ ಗಂಡ’ ಎಂದು ಶುರುಮಾಡಿ, ‘ನಿಜ ಹೇಳಿರಲಿಲ್ಲ’ ಎಂದು ಮುಗಿಸುವಷ್ಟರಲ್ಲಿ ಪೆನ್ನು ಎರಡು ಸಲ ನಿಂತಿತು. ಸಹಿ ಹಾಕಿದಳು.

ತಿಯುರ್ ಕಂಪ್ಯೂಟರನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡರು. “ಇದರಿಂದ ಯಂತ್ರ ನಡೆದಿತ್ತು ಅಂತ ಆಯ್ತು. ಆದ್ರೆ ಬು ಗುರು, ಸಾದಿಮನ್ ಇನ್ನೂ ಪೂರ್ತಿ ಬಿಡುಗಡೆ ಆಗಿಲ್ಲ. ಕಾಯದ ಹಾಲು ಪ್ಯಾಕೆಟ್ಟಿಗೆ ಹೋಗ್ದಂಗೆ ತಡೆಯೋಕೆ ಒಂದು ಕವಾಟ ಇದೆ, ಕೈಯಲ್ಲಿ ತಿರುಗಿಸೋದು. ಅದು ತೆರೆದಿತ್ತು. ತೆರೆದ ಕೈ ಯಾವುದು ಅಂತ ಕಂಪ್ಯೂಟರ್ ಬರೆಯಲ್ಲ.” ಬೂಟು ತೊಟ್ಟರು. “ನನಗೆ ಎರಡು ಗಂಟೆವರೆಗೆ ಟೈಮಿದೆ. ಆ ಕ್ಯಾಲೆಂಡರ್ ಏನಾದ್ರೂ ನೆನಪಾದ್ರೆ ಫೋನ್ ಮಾಡಿ.”

ಜೀಪು ಹೋಯಿತು. ಪಕ್ಕದ ಮನೆಯ ಕಿಟಕಿ ಮುಚ್ಚಿಕೊಂಡಿತು.

ಏನು ಮಾಡಬೇಕೆಂದು ತಿಳಿಯದೆ ವೆನಿಂಗ್ ಸೋಮವಾರದಂದು ಮಾಡುವುದನ್ನೇ ಮಾಡಿದಳು. ಮಂಚದ ಕೆಳಗಿನಿಂದ ಎಂಟನೇ ತರಗತಿಯ ಉತ್ತರ ಪತ್ರಿಕೆಗಳ ಕಟ್ಟನ್ನು ಎಳೆದು ದಾರ ಬಿಚ್ಚಿದಳು. ಎರಡು ವಾರದಿಂದ ಅವಳು ಅದನ್ನು ಮುಟ್ಟಿರಲಿಲ್ಲ. ಮಕ್ಕಳ ಅಂಕಗಳನ್ನು ಯಾರು ತಾನೇ ಜೋಡಿಸಿಡಲು ಬರುತ್ತಾರೆ?

ಪತ್ರಿಕೆಗಳ ನಡುವೆ, ಚಪ್ಪಟೆಯಾಗಿ ಮಡಿಸಿದ ಗೋಡೆ ಕ್ಯಾಲೆಂಡರ್ ಇತ್ತು. ತುದಿಯಲ್ಲಿ ಮೊಳೆಯ ತೂತು. ಮೇಲೆ ಅಂಟಿಸಿದ ಚೀಟಿಯಲ್ಲಿ ಅರ್ಗೋನ ಅಕ್ಷರ: ‘ಸಾದಿಮನ್‌ದು. ವಾಪಸ್ ಕೊಡಬೇಕು.’

ಅವಳು ಅದನ್ನು ಬಿಡಿಸಲಿಲ್ಲ. ನೋಡುವ ಧೈರ್ಯ ಬರಲಿಲ್ಲ. ಎದೆಗೆ ಒತ್ತಿಕೊಂಡು, ಖಾಕಿ ಬಟ್ಟೆಯಲ್ಲೇ, ಏರುದಾರಿ ಹಿಡಿದಳು. ದಾರಿಯಲ್ಲಿ ನಿಂತು ತಿಯುರ್‌ಗೆ ಫೋನು ಮಾಡಿ ಒಂದೇ ಮಾತು ಹೇಳಿದಳು: “ಸಾದಿಮನ್ ಮನೆಗೆ ಬನ್ನಿ ಬು.”

ಸಾದಿಮನ್‌ನ ಹೆಂಡತಿ ಪೊನಿರಾ ಕೊಟ್ಟಿಗೆಯ ಮುಂದೆ ಹುಲ್ಲು ಕತ್ತರಿಸುತ್ತಿದ್ದಳು. ತಲೆ ಎತ್ತಿ ನೋಡಿದಳು. ಕತ್ತಿ ನಿಲ್ಲಿಸಲಿಲ್ಲ.

“ಓಹೋ, ಬು ಗುರು! ಏನು ಈ ಕಡೆ? ನಮ್ಮ ಮನೆ ದಾರಿ ಈ ಊರಿಗೆಲ್ಲ ಮರೆತು ಹೋಗಿತ್ತು.”

“ಯು ಪೊನಿರಾ...” ಎಂದಳು ವೆನಿಂಗ್, ಅಕ್ಕಾ ಎನ್ನುವಂತೆ.

“ನಿಮ್ಮ ಯಜಮಾನರಿಗೆ ಮಣ್ಣು ಹಾಕೋಕೆ ಊರೇ ಬಂತು. ನನ್ನ ಗಂಡ ಬದುಕಿದಾನೆ, ಅವನಿಗೆ ಒಂದು ತುತ್ತು ಅನ್ನ ಒಯ್ಯೋಕೆ ಒಬ್ಬರಿಲ್ಲ. ನೀವಾದ್ರೂ ಪುಣ್ಯವಂತರು, ತಲೆ ಎತ್ತಿ ಅಳಬಹುದು.”

“ಇನ್ಮೇಲೆ ಆಗಲ್ಲ ಯು.” ವೆನಿಂಗ್ ಹುಲ್ಲಿನ ಮೇಲೇ ಕೂತಳು. “ಆ ದಿನ ಯಂತ್ರ ನಿಲ್ಲಿಸಿದ್ದು ಇವರು. ಪೊಲೀಸರಿಗೆ ಸುಳ್ಳು ಹೇಳಿದ್ದೂ ಇವರೇ. ನಾನೀಗ ಬರ್ದು ಕೊಟ್ಟು ಬಂದೆ. ನಿಮ್ಮ ಕ್ಯಾಲೆಂಡರ್ ನಮ್ಮನೇಲೇ ಇತ್ತು.”

ಕತ್ತಿ ನಿಂತಿತು.

ಪೊನಿರಾ ಅದನ್ನು ಹುಲ್ಲಿನ ಮೇಲಿಟ್ಟಳು. ಬೈಯುತ್ತಾಳೆಂದು ವೆನಿಂಗ್ ಕಾದಳು, ಬೈದರೆ ಹಗುರವಾಗುತ್ತಿತ್ತು. ಪೊನಿರಾ ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ನಡೆದಳು. “ಬನ್ನಿ. ಬಿಸಿಲಲ್ಲಿ ಕೂರ್ಬೇಡಿ.”

ಒಳಗೆ, ಗೋಡೆಯ ಮೊಳೆಗೆ ಹೊಚ್ಚಹೊಸ ಕ್ಯಾಲೆಂಡರ್ ತೂಗುತ್ತಿತ್ತು. ಹಾಲಿನ ಸಂಘದ್ದು.

“ಬೆಳಗ್ಗೆ ಬು ಹಾಪ್ಸಾರಿ ತಂದು ಹಾಕಿದ್ರು,” ಎಂದಳು ಪೊನಿರಾ. “ಮೊಳೆ ಬರೀದಾಗಿರ್ಬಾರ್ದು ಅಂತ. ಹಳೇದು ಎಲ್ಲಿ ಅಂದ್ರು. ಆ ಮಂಗಳವಾರ ಕಳೆದ ಗುರುವಾರಾನೇ ಮಾಸ್ ಅರ್ಗೋ ಬಂದು, ನಾಳೆ ಕೊಡ್ತೀನಿ ಅಂತ ಒಯ್ದಿದ್ರು ಅಂದೆ. ಸಿಕ್ಕಿದ್ರೆ ಪೊಲೀಸರಿಗೆ ಬೇಡ, ನನಗೇ ಕೊಡು ಅಂದ್ರು. ಹನ್ನೊಂದಕ್ಕೆ ಮತ್ತೆ ಬರ್ತಾರಂತೆ.” ಅವಳು ಕಣ್ಣು ಕಿರಿದು ಮಾಡಿದಳು. “ನನಗೆ ಆ ಸಣ್ಣಕ್ಷರ ಕಾಣಲ್ಲ. ಮಂಗಳವಾರ ವಾಗೆ ಏನು ಬರ್ದಿದಾನೆ, ಓದಿ.”

ವೆನಿಂಗ್ ಮಡಿಕೆ ಬಿಡಿಸಿದಳು. ಪ್ರತಿ ಚೌಕದಲ್ಲೂ ಪೆನ್ಸಿಲಿನ ಒಂದು ಅಂಕಿ. 73. 73. 72. ಹದಿನಾಲ್ಕರ ಚೌಕದಲ್ಲಿ ಮಾತ್ರ ಅಕ್ಷರಗಳು ಗೆರೆ ದಾಟಿ ಹೊರಬಿದ್ದಿದ್ದವು.

“‘ಐವತ್ತೆಂಟು,’” ಎಂದು ಓದಿದಳು. “‘ನಾನು ಕವಾಟ ಮುಚ್ಚಿದೆ. ಮಾಸ್ ಅರ್ಗೋ ಹಾಲು ಚೆಲ್ಲಿ ಅಂದರು. ಶಾಲೆಯ ವ್ಯಾನು ಕಾಯ್ತಿದೆ ಅಂತ ಬು ಹಾಪ್ಸಾರಿ ತಾವೇ ತೆರೆದರು.’”

ಪೊನಿರಾ ಬಂದು ಆ ಚೌಕದ ಮೇಲೆ ಬೆರಳಿಟ್ಟಳು. “ನನ್ನ ಗಂಡ ಇದನ್ನ ಹೇಳ್ಲೇ ಇಲ್ಲ. ದೊಡ್ಡೋರ ಹೆಸರು ಬಾಯಲ್ಲಿ ಹೇಗೆ ಹೇಳ್ಲಿ, ಕ್ಯಾಲೆಂಡರೇ ಹೇಳುತ್ತೆ ಅಂತಿದ್ದ.”

ವೆನಿಂಗ್‌ಳ ಕಣ್ಣು ಕೆಳಗಿನ ಸಾಲಿಗೆ ಇಳಿದಿತ್ತು. ಇಪ್ಪತ್ತನೆಯ ತಾರೀಖು, ಸೋಮವಾರ ಕ್ಲಿವೊನ್. ಅರ್ಗೋ ಸತ್ತ ದಿನ. ಸಾದಿಮನ್ ಆಗ ಲಾಕಪ್ಪಿನಲ್ಲಿದ್ದ. ಆ ಚೌಕ ಖಾಲಿ ಇರಬೇಕಿತ್ತು. ಅಲ್ಲಿ ನೀಲಿ ಶಾಯಿಯಲ್ಲಿ, ಬಾಲ ಹಿಂದಕ್ಕೆ ಎಳೆದ ಅಕ್ಷರಗಳಿದ್ದವು.

‘ಬೆಳಗ್ಗೆ ಏಳಕ್ಕೆ ಬು ಹಾಪ್ಸಾರಿ ಜೊತೆ ಠಾಣೆಗೆ. ಎಲ್ಲ ಹೇಳಿಬಿಡುವುದು. ನಾನು ಬೈಕಿನಲ್ಲಿ ಮುಂದೆ, ಅವರು ಕಾರಿನಲ್ಲಿ ಹಿಂದೆ.’

‘ಸೋಲೋದಲ್ಲಿದ್ದೆ, ಸುದ್ದಿ ಕೇಳಿ ಓಡಿ ಬಂದೆ,’ ಎಂದು ಅತ್ತಿದ್ದರು ಬು ಹಾಪ್ಸಾರಿ. ಏಳು ದಿನ, ವೆನಿಂಗ್‌ಳದೇ ಒಲೆಯ ಮುಂದೆ, ಅವಳದೇ ಸೌಟು ಹಿಡಿದು.

“ಕೆಳಗೆ ಇನ್ನೇನಿದೆ?” ಎಂದಳು ಪೊನಿರಾ.

ಏರಿನಲ್ಲಿ ಕಾರೊಂದು ಗೇರು ಬದಲಿಸುವ ಸದ್ದು ಕೇಳಿತು. ಜೀಪಲ್ಲ. ಹ್ಯಾಂಡ್‌ಬ್ರೇಕು ಎಳೆದರು. ಅಂಗಳದಲ್ಲಿ ಬಾಗಿಲು ತೆರೆಯಿತು. ಏಳು ದಿನ ವೆನಿಂಗ್‌ಳನ್ನು ಮಗಳೇ ಎಂದು ಕರೆದ ದನಿ ಪೊನಿರಾಳ ಹೆಸರು ಕೂಗಿತು.

ವೆನಿಂಗ್ ಹೊಸ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ನೆಲಕ್ಕಿಟ್ಟಳು. ಹಳೆಯದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ, ಪೊನಿರಾಳ ಮುಂದೆ ಚಾಚಿದಳು.

“ನಮ್ಮ ಯಜಮಾನರು ಎರವಲು ತಂದಿದ್ದು ಯು,” ಎಂದಳು. “ತಡ ಆಯ್ತು. ಅದರ ಜಾಗಕ್ಕೇ ಹಾಕಿ.”